ಎದೆಗೆ ಹಚ್ಚಿದ ಬೇವು

ಕೋಳಿ ಕೂಗುವ ಹೊತ್ತಿಗೆ ಸೆರಗಿನೊಳಗೆ ನುಸುಳಿ ಎದೆಗೆ ಬಾಯಿ ಹಾಕಿದ ನನ್ನ ಎರಡು ವರ್ಷದ ಮಗ ಥೂ ಎಂದು ಮುಖ ಕಿವುಚಿದ. ಹಗಲಿನ ಹಾಲು ಬಿಟ್ಟಿದ್ದರೂ ಬೆಳಗಿನದೊಂದನ್ನು ಬಿಟ್ಟಿರಲಿಲ್ಲ. "ಬೇವು ಅರೆದು ಹಚ್ಕೊ ಕಣಮ್ಮ, ತಾನೇ ಬುಟ್ಬುಡ್ತಾನೆ" ಎಂದು ಅತ್ತೆ ಹೇಳಿದ್ದರು. ಹಾಗೇ ಮಾಡಿದ್ದೆ.

ಅವನು ಅಳಲಿಲ್ಲ. ಬುಡ್ಡಿ ದೀಪದ ಬೆಳಕಿನಲ್ಲಿ ಆ ಹಸಿರನ್ನೇ ನೋಡಿದ. ಹಿಂದಿನ ವಾರ ಹಿಂದೂಪುರದ ನಮ್ಮ ಮನೆಯಲ್ಲಿ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಗೆ ಬಿದ್ದು ಮಂಡಿ ತರಚಿಕೊಂಡಾಗ ಅತ್ತೆ ಅವನಿಗೂ ಬೇವು ಹಚ್ಚಿ ಊದಿದ್ದರು. "ಅಮ್ಮಾ, ನೋವಾ?" ಎಂದವನು ನನ್ನ ಎದೆಯ ಮೇಲೆ ಉಫ್ ಉಫ್ ಎಂದು ಊದತೊಡಗಿದ.

ಅಂದಿನಿಂದ ಅವನು ಮತ್ತೆ ಹಾಲು ಕೇಳಲಿಲ್ಲ. ಎದ್ದ ಕೂಡಲೇ ಸೆರಗಿನ ಮೇಲೆ ಒಮ್ಮೆ ಊದಿ ಆಡಲು ಹೋಗುತ್ತಿದ್ದ. ವಾಸಿಯಾಯಿತೆಂದು ಹೇಳಲು ನನಗೇ ಮನಸ್ಸು ಬರಲಿಲ್ಲ.