ಬೈಕಿನ ಜಾಗದಲ್ಲಿ ಕಾಡೆಳ್ಳು

ಶರ್ಟಿನ ಕಾರ್ಖಾನೆಯಲ್ಲಿ ಕಾಲರ್ ಕೂಡಿಸುವ ಕೆಲಸ ಅವಳದು. ಜೊತೆಯವರು ಕಾಲರಕ್ಕ ಎಂದೇ ಕರೆಯುತ್ತಿದ್ದರು. ಗಂಡ ಮನೆ ಬಿಟ್ಟು ಹಿಂದಿನ ಬೀದಿಯಲ್ಲೇ ಬೇರೊಬ್ಬಳ ಜೊತೆ ಸಂಸಾರ ಹೂಡಿದ ದಿನವೂ ಅವಳು ಕೆಲಸಕ್ಕೆ ಹೋದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಉಂಡರೆ ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಅಷ್ಟೇ.

ಅತ್ತೆ ಮಗನ ಹಿಂದೆ ಹೋಗಲಿಲ್ಲ. "ಅವನ ಮುಖ ನೋಡೋಕಾಗಲ್ಲ. ನೀನಾಗಿ ಹೊರಗೆ ಹಾಕೋವರೆಗೂ ಇಲ್ಲೇ ಇರ್ತೀನಿ," ಎಂದರು.

"ಇರಿ," ಎಂದಳು.

ಬಾಗಿಲ ಪಕ್ಕ ಅವನು ಬೈಕು ನಿಲ್ಲಿಸುತ್ತಿದ್ದ ನೆಲ ಎಣ್ಣೆ ಕುಡಿದು ಕಪ್ಪಗಾಗಿತ್ತು. ಅತ್ತೆಗೆ ಅದನ್ನು ಕಂಡರಾಗದು. ಒಂದು ರಜೆಯ ದಿನ ಇಬ್ಬರೂ ಸೇರಿ ಆ ಮಣ್ಣು ಅಗೆದು ಹೊರಹಾಕಿ ಹೊಸ ಮಣ್ಣು ತುಂಬಿದರು. ರೈಲು ಹಳಿಯ ಬದಿಯಲ್ಲಿ ತಾನಾಗಿ ಬೆಳೆಯುವ ಕಾಡೆಳ್ಳಿನ ಒಣಕಾಯಿಗಳನ್ನು ಅತ್ತೆ ಸೆರಗಿನಲ್ಲಿ ಕಟ್ಟಿ ತಂದಿದ್ದರು. ಸೊಸೆ ಬೀಜಕ್ಕೆ ಗುಳಿ ತೋಡುವುದನ್ನು ಕಂಡು ನಕ್ಕರು. "ಏನೇ, ಹೂಳ್ತಿದೀಯಾ? ಮೇಲೆ ಚೆಲ್ಲಿ ಅಂಗೈಲಿ ಸವರು, ಸಾಕು."

ಸಸಿಗಳೆದ್ದವು. ಒತ್ತಾಗಿದ್ದವನ್ನು ಕಿತ್ತರು. ಉಳಿದವು ಸೊಂಟದೆತ್ತರ ಬೆಳೆದು ಗಂಟೆಯಂಥ ನೇರಳೆ ಹೂ ಬಿಟ್ಟವು. ಅದೆಲ್ಲಿದ್ದವೋ, ಜೇನು, ದುಂಬಿ ಎಲ್ಲ ಬಂದವು. "ನೋಡೇ, ನೆಂಟರು!" ಅತ್ತೆ ಹಿಗ್ಗಿಹೋದರು. ಸೊಸೆ ನೋಡಿದಳು. ಏನೂ ಅನಿಸಲಿಲ್ಲ. ಬಕೆಟ್ಟು ತೊಳೆದಿಟ್ಟಳು.

ಹೂವಿನ ಕಾಲದಲ್ಲೇ ಗಂಡ ಬಂದ, ಅಮ್ಮನನ್ನು ಕರೆದೊಯ್ಯಲು. "ಗಾಡಿ ಎಲ್ಲಿ ನಿಲ್ಲಿಸ್ಲಿ?"

"ಬೀದೀಲಿ," ಎಂದಳು.

"ಈ ಜೇನು ಕಚ್ಚಲ್ವಾ?"

"ನಮಗೆ ಕಚ್ಚಿಲ್ಲ," ಅತ್ತೆ ಒಳಗಿಂದಲೇ ಕೂಗಿದರು. "ನಾನು ಬರಲ್ಲ, ನೀನು ಹೊರಡಪ್ಪ."

ಅವನು ಹೋದ. ಈಗಲಾದರೂ ಎದೆ ಡವಗುಟ್ಟೀತೆಂದು ಅವಳು ಕಾದಳು. ಇಲ್ಲ.

ಗಿಡ ಒಣಗಿದಾಗ ಮನೆಯ ಮಾಲೀಕರು, "ಈ ಕಸ ಕಿತ್ತುಹಾಕಮ್ಮ," ಎಂದರು.

"ಕಾಯಿ ಬಿರೀಲಿ ಸಾರ್, ಬೀಜ ಉದುರ್ಲಿ. ಆಮೇಲೆ ನಾನೇ ತೆಗೀತೀನಿ." ಎಂದೂ ಇಲ್ಲದ ಅವಳ ಗಟ್ಟಿ ದನಿ ಕೇಳಿ ಅತ್ತೆಯೇ ಹೊರಗೆ ಇಣುಕಿದರು. ಮಾಲೀಕರು ಗೊಣಗುತ್ತ ಹೋದರು.

ಮರುವರ್ಷ ಯಾರೂ ಬಿತ್ತದೆಯೇ ಗಿಡಗಳೆದ್ದವು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳಿಗೆ ಹೂವೊಂದರೊಳಗೆ ದುಂಬಿ ನಿದ್ದೆಹೋಗಿರುವುದು ಕಂಡಿತು. ಬಿಸಿಲು ತಾಗಿ, ಅದು ಹಿಂದಕ್ಕೆ ತೆವಳಿ, ಮೈಗೆಲ್ಲ ಪರಾಗ ಮೆತ್ತಿಕೊಂಡು ಹಾರುವತನಕ ನಿಂತೇ ಇದ್ದಳು.

ಕಾರ್ಖಾನೆಗೆ ತಡವಾಯಿತು. ಸೂಪರ್‌ವೈಸರ್ ಎಲ್ಲರೆದುರು ಬೈದ. ಅವಳಿಗೆ ಬೇಜಾರಾಯಿತು. ಹೊಲಿಗೆಯಂತ್ರದ ಮುಂದೆ ಕೂತು, ಬೇಜಾರಾಯಿತಲ್ಲ ಎಂದು ಆಶ್ಚರ್ಯಪಡುತ್ತ ದಾರ ಪೋಣಿಸಿದಳು.