ಬಂಡೆಗೆ ಬಂದ ಜ್ವರ

ಕಮಲಾಪುರದಾಚೆ ಬಾಳೆತೋಟಗಳ ನಡುವೆ ಉಚ್ಚೆಂಗಮ್ಮನ ಓಣಿ. ಹನ್ನೊಂದು ವರ್ಷದಿಂದ ಅವಳು ಅಲ್ಲಿಯ ಆಶಾ ಕಾರ್ಯಕರ್ತೆ. ಯಾವ ಮನೆಯ ಕೂಸು ಹಾಲು ಕಕ್ಕುತ್ತದೆ, ಯಾವ ಮುದುಕ ಬಿಪಿ ಗುಳಿಗೆಯನ್ನು ಕೋಳಿಗೆ ಹಾಕುತ್ತಾನೆ, ಎಲ್ಲ ಅವಳಿಗೆ ಗೊತ್ತು. ಗೊತ್ತಿದ್ದದ್ದನ್ನು ಸರ್ಕಾರಕ್ಕೆ ಹೇಳಬೇಕೆಂದರೆ ಮಾತ್ರ ಓಣಿಯ ಹಿಂದಿನ ಬಂಡೆ ಹತ್ತಬೇಕು. ಕೆಳಗೆ ಫೋನಿಗೆ ಸಿಗ್ನಲ್ ಇಲ್ಲ.

ಈ ಮಳೆಗಾಲ ಓಣಿಯ ಇಪ್ಪತ್ತಮೂರು ಮಂದಿಗೆ ಜ್ವರ. ಇಬ್ಬರದು ಡೆಂಗಿ. ನೀರಿನ ಟ್ಯಾಂಕಿನ ಪಕ್ಕದ ಮನೆಯಲ್ಲಿ ಏಳು ತಿಂಗಳ ಬಸುರಿ ಗಂಗೋತ್ರಿ ಇದ್ದಳು. ಅವಳಿಗೆ ಜ್ವರ ತಗಲಬಾರದು, ಉಚ್ಚೆಂಗಮ್ಮನಿಗೆ ಅದೊಂದೇ ಚಿಂತೆ. ಸೊಳ್ಳೆ ಕೊಲ್ಲುವ ಹೊಗೆ ಮಷೀನು ಬರಲಿ ಎಂದು ದಿನವೂ ಸಂಜೆ ಬಂಡೆಯ ಮೇಲೆ ಕೂತು, ಜ್ವರದವರ ಹೆಸರುಗಳನ್ನು ಒಂದೊಂದಾಗಿ ಆ್ಯಪಿನಲ್ಲಿ ತುಂಬಿ ಕಳಿಸಿದಳು.

ಮಷೀನು ಬಂತು. ಅದನ್ನು ಹೆಗಲಿಗೆ ಹಾಕಿಕೊಂಡ ಆರೋಗ್ಯ ಇಲಾಖೆಯ ಅಂಜಿನಯ್ಯ ಓಣಿಯನ್ನು ದಾಟಿ ನೆಟ್ಟಗೆ ಬಂಡೆಯ ಕಡೆ ನಡೆದ.

"ಯಣ್ಣಾ, ಅತ್ತ ಎಲ್ಲಿಗ್ರಿ? ಅಲ್ಲಿರೋದು ಬರೇ ಓತಿಕ್ಯಾತ!"

"ಮ್ಯಾಪ್ ನೋಡವ್ವ."

ಹೆಸರು ಕಳಿಸಿದ ಜಾಗವನ್ನೇ ಆ್ಯಪು ರೋಗಿಯ ಮನೆ ಎಂದು ಬರೆದುಕೊಂಡಿತ್ತು. ಇಪ್ಪತ್ತಮೂರು ಕೆಂಪು ಚುಕ್ಕಿಗಳು ಬಂಡೆಯ ಮೇಲೆ ಒತ್ತೊತ್ತಾಗಿ, ಬಿಸಿಲು ಕಾಯಿಸುವವರಂತೆ ಕೂತಿದ್ದವು.

"ಚುಕ್ಕಿಗೊಂದು ಫೋಟೋ ಕಳಿಸಬೇಕು. ಹೊಗಿ ಕಾಣಬೇಕು. ಇಲ್ಲಂದ್ರ ನಾ ಕೆಲಸಾನೇ ಮಾಡಿಲ್ಲ ಅಂತಾರ" ಎಂದ ಅಂಜಿನಯ್ಯ. "ನಾಳೆ ಮಷೀನು ಕಂಪ್ಲಿಗೆ ಹೋಗ್ತೈತಿ. ಇರೋದು ಇಷ್ಟೇ ಔಷಧಿ. ಉಳಿದ್ರ ನಿಮ್ಮ ಓಣಿಗೆ."

ಉಚ್ಚೆಂಗಮ್ಮ ಜ್ವರದವರ ಹೆಸರಿದ್ದ ನೋಟ್‌ಬುಕ್ ಹಿಡಿದು ಅವನ ಹಿಂದೆಯೇ ಬಂಡೆ ಹತ್ತಿದಳು.

"ತೋಟಪ್ಪ!" ಎಂದು ಮೊದಲ ಹೆಸರು ಕೂಗಿದಳು. ಅಂಜಿನಯ್ಯ ಬರಿಗಲ್ಲಿಗೆ ಹೊಗೆ ಬಿಟ್ಟು ಫೋಟೋ ತೆಗೆದ.

"ಅಷ್ಟ್ಯಾಕ್ರಿ? ಅಂವಗ ಜ್ವರ ಬಿಟ್ಟು ನಾಕು ದಿನ ಆತು. ಸಣ್ಣಗ ಬಿಡ್ರಿ."

"ಯವ್ವಾ, ಫೋಟೋದಾಗ ಕಾಣಬ್ಯಾಡೇನು?"

"ಮೂಕಣ್ಣ! ಅಂವ ಮುಂಜಾನಿಂದ ಬೀಡಿ ಸೇದ್ತಾನ. ಅವಂಗ ಹೊಗಿ ಸಾಕಾಗೈತಿ, ಒಂಚೂರು ಬಿಡ್ರಿ."

ಓತಿಕ್ಯಾತಗಳು ಬಿರುಕುಗಳಿಂದ ಹೊರಬಿದ್ದು ಓಡಿದವು. ಮೇಯುತ್ತಿದ್ದ ಮೇಕೆಯೊಂದು ಸೀನಿ, ಇಬ್ಬರನ್ನೂ ದಿಟ್ಟಿಸಿ ನೋಡಿ, ಮತ್ತೆ ಸೀನಿತು. ಇಪ್ಪತ್ತಮೂರನೆಯ ಹೆಸರು ಮುಗಿದಾಗ ಅಂಜಿನಯ್ಯ ಮಷೀನು ಅಲ್ಲಾಡಿಸಿದ.

"ಆರು ಮನಿಗೆ ಆಗ್ತೈತಿ, ನೋಡವ್ವ."

"ಟ್ಯಾಂಕಿನ ಕಡಿಂದ ಶುರು ಮಾಡ್ರಿ."

ಗಂಗೋತ್ರಿಯ ಮನೆ ಬಿಳಿ ಹೊಗೆಯಲ್ಲಿ ಮುಳುಗಿ ಮೆಲ್ಲಗೆ ಮತ್ತೆ ಕಾಣಿಸಿಕೊಂಡಿತು. ಹೊಗೆ ಮುಂದಿನ ಐದು ಮನೆಗಳನ್ನು ಸವರಿತು. ಉಚ್ಚೆಂಗಮ್ಮನ ಬಾಗಿಲಿಗೆ ಎರಡು ಮನೆ ಇರುವಾಗ ಮಷೀನು ಕೆಮ್ಮಿ ನಿಂತಿತು.

ದೂರದಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದ ಗಂಗೋತ್ರಿ ಕೇಳಿದಳು, "ಅತ್ತಿ, ನಿಮ್ಮನಿ?"

"ನನ್ನ ಕಂಡ್ರ ಸೊಳ್ಳೀನ ಹೆದರ್ತಾವ. ನೀ ಒಳಗ ಹೋಗಿ ಸೊಳ್ಳಿ ಪರದಿ ಕಟ್ಕೋ."

ಮರುದಿನ ಬಂಡೆಯ ಮೇಲಿದ್ದಾಗ ಹೊಸಪೇಟೆಯಿಂದ ಫೋನು ಬಂತು. ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಮ್ಯಾಪು ನೋಡುವ ಬಸವಕುಮಾರ್.

"ಮೇಡಂ, ನಿಮ್ಮ ಏರಿಯಾ ನೂರಕ್ಕ ನೂರು ಮುಗದೈತಿ. ಆದ್ರ ಇಪ್ಪತ್ತಮೂರು ಫೋಟೋದಾಗ ಒಂದು ಬಾಗಿಲಾನೂ ಕಾಣವಲ್ದು. ನಿಮ್ಮ ಮಂದಿ ಎಲ್ಲಿರ್ತಾರ್ರಿ?"

"ಈ ಬಂಡೆಗಲ್ಲಿನ ಕೆಳಗ ಓಣ್ಯಾಗ್ರಿ, ಸಾರ್."

 ಆ ಕಡೆಯಿಂದ ಕಾಗದದ ಸದ್ದು.

"ಮನಿ ಮನಿ ಹೇಳ್ರಿ, ಬರ್ಕೊಂತೀನಿ. ಕಂಪ್ಲಿಂದ ಮಷೀನು ವಾಪಸ್ ತರಸ್ತೀನಿ."

ಉಚ್ಚೆಂಗಮ್ಮ ಚಪ್ಪಲಿ ಬಿಟ್ಟು ಸರಿಯಾಗಿ ಕೂತಳು.

"ಮದ್ಲು ಟ್ಯಾಂಕಿನ ಬಗಲಿನ ಮನಿ ಬರ್ಕೊಳ್ರಿ. ಗಂಗೋತ್ರಿ, ಏಳು ತಿಂಗಳು. ಅಕಿಗೆ ಜ್ವರ ಇಲ್ಲ. ಅದನ್ನೂ ಬರೀರಿ."