ಸಿಂಹವಿಲ್ಲದ ಎರಡು ರೂಪಾಯಿ

ರಾಯಚೂರಿನ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ವಾಚು ಕಟ್ಟುವವರು ಕಡಿಮೆಯಾದ ಮೇಲೆ ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಲ್ಲರೆ ನಾಣ್ಯ ನೋಡುತ್ತ ಕೂರುತ್ತಾರೆ. ಸೆಲ್ ಹಾಕಿಸಲು ಹೋದ ನನ್ನ ಅಂಗೈಗೆ ಒಂದು ದಿನ ಒಂದು ರೂಪಾಯಿ ಇಟ್ಟರು.

"ಸಿಂಹ ನೆಟ್ಟಗ ನಿಂತಾವಲ್ರೀ? ಈಗ ಪುಸ್ತಕದ ಹಾಳಿ ತಿರುವಿದಂಗ ತಿರುವ್ರಿ."

ತಿರುವಿದೆ. ಹಿಂದಿನ ಅಂಕಿ ಅಡ್ಡ ಮಲಗಿತ್ತು.

"ಟಂಕಸಾಲಿಯೊಳಗ ಅಚ್ಚು ಜರುಗ್ಯಾದ. ಇಂಥವನ್ನ ಹುಡುಕಾವ್ರು ಭಾಳ ಮಂದಿ ಅದಾರ."

ಅವತ್ತಿನಿಂದ ನಾನು ಕೆಟ್ಟೆ. ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾದ ನಾನು, ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸುವುದನ್ನು ಕಂಡು ಪಕ್ಕದವರು ಸರಿದು ಕೂರತೊಡಗಿದರು. ಮಾನ್ವಿಯ ಅಕ್ಕನ ಮನೆಯಲ್ಲಿ ದೇವರ ಮುಂದಿನ ಡಬ್ಬಿಯನ್ನೇ ಬೋರಲು ಹಾಕಿದೆ. ಅಕ್ಕ ಲಟ್ಟಣಿಗೆ ಹಿಡಿದುಕೊಂಡೇ ಬಂದಳು. "ಮಾಸ್ತರ ಆಗಿ ದೇವರ ಗಲ್ಲಾಕ್ಕ ಕೈ ಹಾಕ್ತೀಯಲ್ಲೋ!"

ಬೈಸಿಕೊಂಡು ಆರಿಸಿದ ಮೂರು ನಾಣ್ಯಗಳನ್ನು ಚಾಚಾ ಒಂದೊಂದಾಗಿ ಪಕ್ಕಕ್ಕೆ ತಳ್ಳಿದರು. "ಗೆರಿ ಉಬ್ಬಿದ್ರ ಅಚ್ಚು ಸೀಳಿದ್ದು, ತಗ್ಗಾಗಿದ್ರ ಯಾರೋ ಗೀರಿದ್ದು. ಇದು ಗೀರಿದ್ದು. ಇದು ರೈಲಿನ ಹಳಿ ಮ್ಯಾಲ ಇಟ್ಟದ್ದು. ಇದಕ್ಕ ಹೊಲಸು ಹತ್ಯಾದ, ಮನಿಗಿ ಹೋಗಿ ತೊಳೀರಿ."

ಕೊನೆಗೂ ಅದೃಷ್ಟ ಖುಲಾಯಿಸಿದ್ದು ದೇವದುರ್ಗದ ಸಂತೆಯಲ್ಲಿ. ಸಿರವಾರದ ಕಡೆಯಿಂದ ಮೆಣಸಿನಕಾಯಿ ತರುವ ಹೆಂಗಸೊಬ್ಬಳು ಚಿಲ್ಲರೆ ಎಂದು ಎರಡು ರೂಪಾಯಿಯ ನಾಣ್ಯ ಕೊಟ್ಟಳು. ಒಂದು ಬದಿಗೆ ಎರಡರ ಅಂಕಿ. ತಿರುಗಿಸಿದರೆ ಸಿಂಹವೇ ಇಲ್ಲ. ಅಲ್ಲೂ ಅದೇ ಎರಡು, ಆದರೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಲೋಹದೊಳಗೆ ತಗ್ಗಾಗಿ. ಒತ್ತುವಾಗ ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡುಬಿಟ್ಟರೆ ಹೀಗಾಗುತ್ತದೆ ಎಂದು ಚಾಚಾ ಹೇಳಿದ್ದರು. ಅವರೂ ಅಂಥದ್ದನ್ನು ಕೈಯಲ್ಲಿ ಹಿಡಿದವರಲ್ಲ.

"ಯಾಕ್ರೀ ಮಾಸ್ತರ್ರೇ, ಹಂಗ್ಯಾಕ ನೋಡಾಕತ್ತೀರಿ?"

"ಏನಿಲ್ಲ ಬಿಡವ್ವ, ಒಂದು ಕಡಿ ಸವದದ," ಎಂದು ಜೇಬಿಗೆ ಕೈ ಒಯ್ದೆ.

ಅಲ್ಲೇ ನಾನು ತಪ್ಪಿದ್ದು. ಆಕೆ ಪ್ರಾಮಾಣಿಕ ವ್ಯಾಪಾರದವಳು. "ಅಯ್ಯ, ಸವೆದದ್ದು ನಿಮಗ್ಯಾಕ? ತರ್ರಿ ಇಲ್ಲೆ," ಎಂದು ನನ್ನ ಬೆರಳುಗಳ ನಡುವಿನಿಂದ ಅದನ್ನು ಕಿತ್ತುಕೊಂಡು, ಹೊಸದೊಂದನ್ನು ಇಟ್ಟಳು.

"ಇರ್ಲಿ ಬಿಡವ್ವ, ನನಗ ಅದೇ ಸಾಕು."

"ಬ್ಯಾಡ್ರೀ. ಪಾಪ ಹತ್ತತದ."

"ಐದು ರೂಪಾಯಿ ಕೊಡ್ತೀನಿ, ಅದನ್ನೇ ಕೊಡು."

ಆಕೆಯ ಕೈ ನಿಂತಿತು. ನನ್ನ ಮುಖವನ್ನೊಮ್ಮೆ, ನಾಣ್ಯವನ್ನೊಮ್ಮೆ ನೋಡಿದಳು. ಸೆರಗಿನ ತುದಿಗೆ ಅದನ್ನು ಗಂಟು ಹಾಕಿ, ಮುಂದಿನ ಗಿರಾಕಿಗೆ ಮೆಣಸಿನಕಾಯಿ ತೂಗತೊಡಗಿದಳು.

ಮುಂದಿನ ವಾರ ಹೋಗಿ ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆಂದುಕೊಂಡಿದ್ದೆ. ಆಕೆ ಗೋಣಿಚೀಲದ ಮೇಲೆ ಜಾಗ ಮಾಡಿಕೊಟ್ಟು, "ಹಂಗಾದ್ರ ನನಗೂ ಕಲಿಸ್ರಿ," ಎಂದಳು. ಕಲಿಸಿದೆ. ಒಳ್ಳೆಯ ಶಿಷ್ಯೆ ಸಿಕ್ಕ ಹುಮ್ಮಸ್ಸಿನಲ್ಲಿ ಚಾಚಾನ ಅಂಗಡಿ ಯಾವ ಓಣಿಯಲ್ಲಿದೆ ಎಂಬುದನ್ನೂ ಹೇಳಿಬಿಟ್ಟೆ. ರಾಶಿಯಲ್ಲಿ ಒಂದು ಕೊಳೆತ ಕಾಯಿಯನ್ನು ದೂರದಿಂದಲೇ ಗುರುತಿಸುವ ಕಣ್ಣು ಅದು. ನಾಲ್ಕು ವಾರದಲ್ಲಿ ಅಚ್ಚು ಜರುಗಿದ ರೂಪಾಯಿ ಎರಡು ಹುಡುಕಿ ನನಗೇ ಪುಕ್ಕಟೆ ಕೊಟ್ಟಳು. ಸಿಂಹವಿಲ್ಲದ್ದನ್ನು ಮಾತ್ರ ಕೊಡಲಿಲ್ಲ.

ಐದನೆಯ ವಾರ, ಅಂಚನ್ನು ಯಾರೋ ಹಲ್ಲಿನಿಂದ ಕಚ್ಚಿದಂತಿದ್ದ ಐದು ರೂಪಾಯಿ ತೋರಿಸಿದಳು. ತಗಡು ಕತ್ತರಿಸುವಾಗಲೇ ಆಗುವ ತಪ್ಪು, ನನಗೆ ಗೊತ್ತು. "ಐವತ್ತು ಕೊಡ್ರಿ, ಒಯ್ರಿ," ಎಂದಳು. ಚೌಕಾಸಿ ಮಾಡದೆ ಕೊಟ್ಟು, ರಾಯಚೂರಿನ ಬಸ್ಸಿನುದ್ದಕ್ಕೂ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಹೋದೆ.

ಚಾಚಾ ಭೂತಗನ್ನಡಿಯ ಹಿಂದಿನಿಂದಲೇ ನಗತೊಡಗಿದರು. "ಖರೇ ಇದ್ದಿದ್ರ ಕಚ್ಚಿದ ಜಾಗದ ಎದುರಿನ ಅಂಚೂ ಮಾಸಿರಬೇಕಿತ್ತು. ಇಲ್ಲಿ ನೋಡ್ರಿ, ಅರದ ಗುರುತು. ಕಮ್ಮಾರ ಛಲೋ ಉಜ್ಜ್ಯಾನ."

ತಲೆ ತಗ್ಗಿಸಿದ ನನಗೆ ಗಾಜಿನ ಕೆಳಗೆ ಇನ್ನೊಂದು ನಾಣ್ಯ ಕಂಡಿತು. ಎರಡು ರೂಪಾಯಿ. ಅದೇ, ಸಿಂಹವಿಲ್ಲದ್ದು. ಅಡಿಗೆ ಹತ್ತಿಯ ಹಾಸಿಗೆ ಬೇರೆ.

"ಒಬ್ರು ಅವ್ವಾರು ಬಂದಿದ್ರು. ಮಾಸ್ತರ ಹೆಸರು ಹೇಳಿದ್ರ ಛಲೋ ರೇಟು ಕೊಡ್ತಾರಂತ ಹೇಳಿದ್ರು. ಕೊಟ್ಟೆ." ನಾನು ಕೈ ಚಾಚಿದೆ. ಚಾಚಾ ಗಾಜು ಎತ್ತಗೊಡಲಿಲ್ಲ. "ನೋಡ್ರಿ. ಮುಟ್ಟಬ್ಯಾಡ್ರಿ."

ಸಂತೆಯ ದಿನ ಜಗಳಕ್ಕೆಂದೇ ಹೋದೆ. "ರಾಯಚೂರತನಕ ಹೋಗಿ ಮಾರಿ ಬಂದೀಯಲ್ಲವ್ವ!"

"ಹೆಣ್ಮಕ್ಕಳಿಗೆ ಬಸ್ಸು ಫ್ರೀ ಅದಲ್ರೀ," ಎಂದಳು ಕಣ್ಣು ಮಿಟುಕಿಸದೆ. "ಅರದ ಕೆಲಸಾ ಗುರುತು ಹಿಡಿದ್ರೋ ಇಲ್ಲೋ?"

"ಇಲ್ಲ," ಎಂದೆ.

"ನಾ ಸುಳ್ಳ ಹೇಳಿದ್ದು ಒಂದು, ನೀವು ಹೇಳಿದ್ದು ಒಂದು. ಚುಕ್ತಾ." ನನ್ನ ಐವತ್ತನ್ನು ಎಣಿಸಿ ವಾಪಸ್ಸು ಕೊಟ್ಟಳು. ಆಕೆಗೆ ಎಷ್ಟು ಸಿಕ್ಕಿತೆಂದು ಮೂರು ಸಲ ಕೇಳಿದೆ. ಮೂರು ಸಲವೂ ಗಿರಾಕಿ ಬಂದರು. ಏಳುವಾಗ ನನ್ನ ಚೀಲಕ್ಕೆ ಎರಡು ಬೊಗಸೆ ಮೆಣಸಿನಕಾಯಿ ಬಿಟ್ಟಿ ಸುರಿದಳು. ಕುಟ್ಟುವಾಗ ನಮ್ಮ ಮನೆಯವರಷ್ಟೇ ಅಲ್ಲ, ಆಚೆ ಮನೆಯವರೂ ಸೀನಿದರು.